ಬುನ್ನಾ ನಾಡಿನಲ್ಲಿ ಆರು ದಿನ

ಕಾಫಿ ಹುಟ್ಟಿದ ಕಾಡನ್ನು ಒಂದು ಸಲ ಕಣ್ಣಾರೆ ನೋಡಬೇಕು ಅನ್ನೋದು ಅಕ್ಕನ ಹಳೆಯ ಆಸೆ. ಅವಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಿಯಾದವಳು. ನನಗೆ ಕಾಫಿ ಅಂದರೆ ಲೋಟದಲ್ಲಿರುವುದು ಮಾತ್ರ. ಗಿಡ ಹೇಗಿರುತ್ತದೆ ಅಂತ ಚಿತ್ರದಲ್ಲಿ ನೋಡಿದ್ದೆ, ಅಷ್ಟೇ. ಇಥಿಯೋಪಿಯಾದ ನೈರುತ್ಯ ಮೂಲೆಯಲ್ಲಿ ಕಾಫಾ ಅಂತ ಒಂದು ಸೀಮೆಯಿದೆ. ಅಲ್ಲಿ ಕಾಫಿ ಗಿಡ ಯಾರೂ ನೆಡದೆ, ಯಾರೂ ನೀರು ಹಾಯಿಸದೆ ಕಾಡಿನಲ್ಲಿ ತಾನಾಗಿ ಬೆಳೆಯುತ್ತದೆ. ಹಣ್ಣಾಗುವ ಕಾಲ ನೋಡಿಕೊಂಡು ನವೆಂಬರ್‌ನಲ್ಲಿ ಹೊರಟೆವು.

ಮೊದಲನೇ ದಿನ: ಆಡಿಸ್ ಅಬಾಬಾ

ಬೆಳಗ್ಗೆ ಇಳಿದಾಗ ಒಳ್ಳೆ ಚಳಿ. ಊರು ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಮೇಲಿದೆ. ಹೋಟೆಲಿನ ಎರಡು ಮಹಡಿ ಹತ್ತುವಷ್ಟರಲ್ಲಿ ಇಬ್ಬರಿಗೂ ಏದುಸಿರು ಬಂತು. ಆರು ದಿನ ನಮ್ಮ ಜೊತೆ ಇರಬೇಕಾದ ಡ್ರೈವರ್ ಬಂದು ಪರಿಚಯ ಮಾಡಿಕೊಂಡರು. "ನಾಳೆ 12 ಗಂಟೆಗೆ ಹೊರಡೋಣ" ಅಂದರು. ಅಷ್ಟು ತಡ ಯಾಕೆ ಅಂತ ಕೇಳಿದೆ. ಇಲ್ಲಿ ಗಂಟೆಯ ಲೆಕ್ಕ ಸೂರ್ಯ ಹುಟ್ಟುವುದರಿಂದ ಶುರುವಂತೆ. ನಮ್ಮ ಬೆಳಗಿನ 6 ಗಂಟೆ ಇವರಿಗೆ 12. ನಮ್ಮ 7 ಇವರಿಗೆ 1. ಕೇಳಿದ ಮೇಲೆ, ಇದೇ ಸರಿಯಾದ ಲೆಕ್ಕ ಅಲ್ವಾ ಅನ್ನಿಸಿತು.

ಇಲ್ಲಿ ಕಾಫಿಗೆ ಕಾಫಿ ಅನ್ನುವುದಿಲ್ಲ, ಬುನ್ನಾ ಅನ್ನುತ್ತಾರೆ. ನಾವು ಹೇಳುವ ಹೆಸರು ಅರಬ್ಬಿಯ ಕಹ್ವಾ, ತುರ್ಕಿಯ ಕಹ್ವೆ, ಡಚ್ಚರ ಕೋಫಿ ಹೀಗೆ ಬಾಯಿಂದ ಬಾಯಿಗೆ ಬಂದದ್ದು. ಆದರೆ ಆಡಿಸ್‌ನ ಕಾಫಿ ಅಂಗಡಿಗಳಲ್ಲಿ ಜಾಸ್ತಿ ಕಿವಿಗೆ ಬೀಳುವ ಪದ ಮಕಿಯಾಟೊ. 1936ರಿಂದ 1941ರವರೆಗೆ ಇಟಲಿಯವರು ಈ ದೇಶವನ್ನು ಆಕ್ರಮಿಸಿಕೊಂಡಿದ್ದರು. ಅವರು ಹೋದ ಮೇಲೂ ಅವರ ಕಾಫಿಯ ರೂಢಿ ಇಲ್ಲೇ ಉಳಿಯಿತು. 1953ರಿಂದ ನಡೆಯುತ್ತಿರುವ ಟೊಮೋಕಾ ಅನ್ನುವ ಅಂಗಡಿ ಇಲ್ಲಿ ತುಂಬ ಹೆಸರುವಾಸಿ. ಆ ಹೆಸರು ಕೂಡ ಇಟಾಲಿಯನ್ ಪದಗಳ ಮೊದಲಕ್ಷರ ಸೇರಿಸಿ ಮಾಡಿದ್ದು.

ಮಧ್ಯಾಹ್ನ ಹೋಟೆಲಿನ ಪಕ್ಕದಲ್ಲೇ ಇದ್ದ ಒಂದು ಸಣ್ಣ ಅಂಗಡಿಗೆ ಹೋದೆವು. ಮಷಿನ್ ಮುಂದೆ ನಿಂತ ಹುಡುಗನ ಕೈಯನ್ನೇ ನೋಡುತ್ತ ನಿಂತೆ. ಹಿಡಿಕೆಯ ಬಟ್ಟಲಿಗೆ ನುಣ್ಣಗೆ ಬೀಸಿದ ಪುಡಿ ತುಂಬಿ, ಮಟ್ಟ ಮಾಡಿ, ಗಟ್ಟಿಯಾಗಿ ಒತ್ತಿ, ಮಷಿನ್‌ಗೆ ಸಿಕ್ಕಿಸಿ ತಿರುಗಿಸಿದ. ಗುಂಡಿ ಒತ್ತಿದ. ನಾಲ್ಕೈದು ಸೆಕೆಂಡು ಏನೂ ಬೀಳಲಿಲ್ಲ. ಆಮೇಲೆ ಕಪ್ಪು ಹನಿ. ಹನಿಗಳು ಕೂಡಿ ಸಣ್ಣ ಎಳೆಯಾಯಿತು. ಎಳೆಯ ಬಣ್ಣ ಕಪ್ಪಿನಿಂದ ಕಂದುಬಣ್ಣಕ್ಕೆ, ಕಂದಿನಿಂದ ಜೇನಿನ ಬಣ್ಣಕ್ಕೆ ತಿರುಗಿದ ಕೂಡಲೇ ನಿಲ್ಲಿಸಿದ. ಇಷ್ಟಕ್ಕೂ ಅರ್ಧ ನಿಮಿಷ ಹಿಡಿಯಲಿಲ್ಲ. ಸಣ್ಣ ಕಪ್ಪಿನ ತಳದಲ್ಲಿ ಎರಡು ಗುಟುಕಿನಷ್ಟು ಕಾಫಿ, ಮೇಲೆ ಹೊಂಬಣ್ಣದ ನೊರೆ. ಇದು ಎಸ್ಪ್ರೆಸೊ.

ಒಳಗೆ ಸುಮಾರು 9 ಬಾರ್ ಒತ್ತಡದಲ್ಲಿ ಬಿಸಿನೀರು ಪುಡಿಯನ್ನು ಹಾಯುತ್ತದೆ. ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ 9 ಪಟ್ಟು. 1901ರಲ್ಲಿ ಮಿಲಾನಿನ ಲುಯಿಜಿ ಬೆಝೆರಾ ಮಾಡಿದ ಮಷಿನ್‌ನಲ್ಲಿ ಬರೀ ಹಬೆಯ ಒತ್ತಡ ಇತ್ತು. ಅದು ಸಾಲುತ್ತಿರಲಿಲ್ಲ. 1940ರ ದಶಕದ ಕೊನೆಗೆ ಅಕಿಲೆ ಗಾಜಿಯಾ ಅನ್ನುವವರು ಸನ್ನೆಕೋಲು ಮತ್ತು ಸ್ಪ್ರಿಂಗ್ ಇಟ್ಟು ನೀರನ್ನು ಒತ್ತಿದರು. ಕಾಫಿಯ ಮೇಲೆ ನೊರೆ ಕಟ್ಟಲು ಶುರುವಾದದ್ದು ಆಗಲೇ.

ಅಂಗಡಿಯ ಗೋಡೆಯಲ್ಲಿ ಉದ್ದ ಪಟ್ಟಿ ಇತ್ತು. ಅಂಥ ಪಟ್ಟಿ ನೋಡಿದಾಗೆಲ್ಲ ಅಷ್ಟೊಂದು ಬಗೆಯ ಕಾಫಿ ಇದೆಯಲ್ಲ ಅಂದುಕೊಳ್ಳುತ್ತಿದ್ದೆ. ಆ ಹುಡುಗನ ಪಕ್ಕ ಅರ್ಧ ಗಂಟೆ ನಿಂತ ಮೇಲೆ ಗೊತ್ತಾಯಿತು, ತಾಯಿ ಒಂದೇ. ಎಸ್ಪ್ರೆಸೊಗೆ ಬಿಸಿನೀರು ಬೆರೆಸಿದರೆ ಅಮೆರಿಕಾನೊ. ಅದೇ ಪುಡಿಗೆ ಕಮ್ಮಿ ನೀರು ಹಾಯಿಸಿ ಬೇಗ ನಿಲ್ಲಿಸಿದರೆ ರಿಸ್ಟ್ರೆಟೊ, ಜಾಸ್ತಿ ಹಾಯಿಸಿದರೆ ಲುಂಗೊ. ಹಬೆಯಲ್ಲಿ ಕಾಯಿಸಿದ ಹಾಲು, ಮೇಲೆ ದಪ್ಪ ನೊರೆ ಬಂದರೆ ಕಪುಚಿನೊ. ಕಪುಚಿನ್ ಪಂಥದ ಕ್ರೈಸ್ತ ಸನ್ಯಾಸಿಗಳ ಕಂದು ನಿಲುವಂಗಿಯ ಬಣ್ಣದಿಂದ ಬಂದ ಹೆಸರದು. ಹಾಲು ಜಾಸ್ತಿ, ನೊರೆ ತೆಳ್ಳಗಿದ್ದರೆ ಲಾಟೆ. ಅದಕ್ಕೆ ಚಾಕೊಲೇಟ್ ಸೇರಿದರೆ ಮೋಕಾ. ಮಕಿಯಾಟೊ ಅಂದರೆ ಕಲೆಯಾದದ್ದು ಅಂತ ಅರ್ಥ. ಎಸ್ಪ್ರೆಸೊ ಮೇಲೆ ಒಂದು ಚಮಚ ಹಾಲಿನ ನೊರೆಯ ಕಲೆ. ಆಡಿಸ್‌ನವರು ಕಲೆಗಿಂತ ಸ್ವಲ್ಪ ಧಾರಾಳವಾಗಿ ಹಾಲು ಹಾಕಿ ಸಣ್ಣ ಗಾಜಿನ ಲೋಟದಲ್ಲಿ ಕೊಡುತ್ತಾರೆ. ನನಗೆ ಪಟ್ಟಿಯಲ್ಲೆಲ್ಲ ಅದೇ ತುಂಬ ಹಿಡಿಸಿತು. ಹಾಲು ಇದೆ, ಆದರೆ ಕಾಫಿಯ ಹುಳಿ, ಕಹಿ ಎರಡೂ ಮುಚ್ಚಿಹೋಗಿಲ್ಲ.

ಅಕ್ಕ ಹಾಲಿಲ್ಲದ್ದೇ ಕುಡಿದಳು. "ಹಾಲು, ನೀರು ಎಲ್ಲ ಆಮೇಲೆ ಕಣೋ. ಇದರಲ್ಲಿ ನಿಂಬೆಯ ಥರ ಏನೋ ಇದೆ ನೋಡು. ಅದು ಮಷಿನ್‌ನಿಂದ ಬಂದದ್ದಲ್ಲ, ಗಿಡದಿಂದ ಬಂದದ್ದು" ಅಂದಳು.

ಎರಡನೇ ದಿನ: ಜಿಮ್ಮಾ ದಾರಿ

ಇಡೀ ದಿನ ರಸ್ತೆ. ಆಡಿಸ್‌ನಿಂದ ಜಿಮ್ಮಾಗೆ ಸುಮಾರು 350 ಕಿಲೋಮೀಟರ್. ಗಿಬೆ ನದಿಯ ಕಣಿವೆಗೆ ಇಳಿಯುವಾಗ ಸೆಕೆ, ಮತ್ತೆ ಏರಿದ ಮೇಲೆ ತಂಪು. ದಾರಿಯಲ್ಲಿ ಟೈರ್ ಪಂಕ್ಚರ್ ಆಗಿ ಒಂದೂವರೆ ಗಂಟೆ ಮರದ ಕೆಳಗೆ ಕೂತೆವು.

ಆಗಲೇ ಡ್ರೈವರ್ ಕಾಲ್ದಿಯ ಕಥೆ ಹೇಳಿದ್ದು. ಕಾಲ್ದಿ ಅಂತ ಒಬ್ಬ ಮೇಕೆ ಕಾಯುವ ಹುಡುಗ. ಕೆಂಪು ಹಣ್ಣು ತಿಂದ ಮೇಕೆಗಳು ರಾತ್ರಿಯೆಲ್ಲ ನಿದ್ದೆ ಮಾಡದೆ ಕುಣಿದವು. ಹುಡುಗ ಹಣ್ಣು ತಗೊಂಡು ಹೋಗಿ ಮಠದ ಸನ್ಯಾಸಿಗೆ ಕೊಟ್ಟ. ಸನ್ಯಾಸಿ ಸಿಟ್ಟಿನಿಂದ ಬೆಂಕಿಗೆ ಎಸೆದ. ಆಗ ಎದ್ದ ಪರಿಮಳ ಮಠದವರನ್ನೆಲ್ಲ ಎಳೆದು ತಂದಿತು. ಕಥೆ ಚೆನ್ನಾಗಿದೆ. ಆದರೆ ಕುಣಿಯುವ ಮೇಕೆಗಳ ಕಥೆ ಮೊದಲು ಅಚ್ಚಾದದ್ದು 1671ರಲ್ಲಿ, ರೋಮ್‌ನಲ್ಲಿ. ಅಷ್ಟು ಹೊತ್ತಿಗೆ ಕಾಫಿ ಕುಡಿಯುವ ರೂಢಿಗೆ ಇನ್ನೂರು ವರ್ಷ ಆಗಿತ್ತು. ಗಟ್ಟಿ ದಾಖಲೆ ಸಿಗುವುದು 15ನೇ ಶತಮಾನದ ಯೆಮೆನ್‌ನಿಂದ. ಅಲ್ಲಿನ ಸೂಫಿಗಳು ರಾತ್ರಿಯ ಪ್ರಾರ್ಥನೆಗೆ ಎಚ್ಚರವಾಗಿರಲು ಇದನ್ನು ಕುಡಿಯುತ್ತಿದ್ದರು. ಆ ಮೊದಲು ಈ ಕಾಡಿನ ಜನ ಏನು ಮಾಡುತ್ತಿದ್ದರು ಅನ್ನುವುದನ್ನು ಬರೆದಿಟ್ಟವರಿಲ್ಲ. ಕುಡಿಯುವುದಕ್ಕಿಂತ ಮುಂಚೆ ತಿನ್ನುತ್ತಿದ್ದಿರಬೇಕು. ಒರೋಮೊ ಜನ ಕಾಫಿಯನ್ನು ಬೆಣ್ಣೆಯ ಜೊತೆ ಸೇರಿಸಿ ತಿನ್ನುವುದುಂಟು ಅಂತ ಡ್ರೈವರ್ ಹೇಳಿದರು.

ಮೂರನೇ ದಿನ: ಬೊಂಗಾ

ಜಿಮ್ಮಾದ ಹತ್ತಿರ ಸರ್ಕಾರದ ಕೃಷಿ ಸಂಶೋಧನಾ ಕೇಂದ್ರವಿದೆ. 1967ರಲ್ಲಿ ಶುರುವಾದದ್ದು. ಒಳಗೆ ಹೋಗಲು ನಮ್ಮ ಹತ್ತಿರ ಪರವಾನಗಿ ಇರಲಿಲ್ಲ. ಆದರೂ ಆ ಕೇಂದ್ರದ ಒಂದು ಕೆಲಸದ ಬಗ್ಗೆ ಅಕ್ಕ ದಾರಿಯುದ್ದಕ್ಕೂ ಹೇಳಿದಳು. 1971ರಲ್ಲಿ ಈ ದೇಶಕ್ಕೆ ಹಣ್ಣು ಕೊಳೆಸುವ ಒಂದು ಶಿಲೀಂಧ್ರ ರೋಗ ಬಂತು. ಗಿಡದಲ್ಲೇ ಹಸಿರು ಕಾಯಿ ಕಪ್ಪಾಗಿ ಒಣಗುತ್ತಿತ್ತು. ಔಷಧಿ ಹೊಡೆಯುವುದು ಬಡ ರೈತರ ಕೈಲಾಗುವ ಮಾತಲ್ಲ. ಆಗ ಸಂಶೋಧಕರು ಕಾಡಿಗೆ ಹೋದರು. ಸುತ್ತಲಿನ ಗಿಡಗಳೆಲ್ಲ ರೋಗಕ್ಕೆ ತುತ್ತಾದರೂ ತಾವು ಗಟ್ಟಿಯಾಗಿ ನಿಂತ ಗಿಡಗಳನ್ನು ಹುಡುಕಿ ಬೀಜ ತಂದರು. 74110, 74112 ಅಂತ ಕಾಫಿ ಪ್ಯಾಕೆಟ್ ಮೇಲೆ ಅಂಕಿ ನೋಡಿದರೆ, ಅವು ಆ ಗಿಡಗಳ ಸಂತಾನ. 74 ಅಂದರೆ ಆರಿಸಿದ ವರ್ಷ, 1974.

"ರೋಗಕ್ಕೆ ಮದ್ದು ಕಾಡಿನಲ್ಲೇ ಇತ್ತು" ಅಂದಳು ಅಕ್ಕ. ಅವಳಿಗೆ ಈ ಪ್ರವಾಸ ಯಾಕೆ ಬೇಕಿತ್ತು ಅಂತ ನನಗೆ ಅರ್ಥವಾಗಲು ಶುರುವಾದದ್ದು ಅಲ್ಲಿಂದ.

ಗೊಜೆಬ್ ನದಿ ದಾಟಿದ ಮೇಲೆ ಹಸಿರು ದಟ್ಟವಾಯಿತು. ಸಂಜೆಗೆ ಬೊಂಗಾ ಮುಟ್ಟಿದೆವು. ಗುಡ್ಡದ ಮೇಲಿನ ಸಣ್ಣ ಊರು. 1897ರವರೆಗೆ ಕಾಫಾ ಸ್ವತಂತ್ರ ರಾಜ್ಯವಾಗಿತ್ತು. ಆ ವರ್ಷ ಇಥಿಯೋಪಿಯಾದ ಚಕ್ರವರ್ತಿ ಮೆನೆಲಿಕ್‌ನ ಸೈನ್ಯ ಗೆದ್ದುಕೊಂಡಿತು. ಊರಿನಲ್ಲಿ ರಾಷ್ಟ್ರೀಯ ಕಾಫಿ ವಸ್ತುಸಂಗ್ರಹಾಲಯವಿದೆ. ನಾವು ಹೋಗುವಷ್ಟರಲ್ಲಿ ಬಾಗಿಲು ಹಾಕಿತ್ತು.

ನಾಲ್ಕನೇ ದಿನ: ಕಾಡು

ಊರಿನ ಒಬ್ಬ ಮಾರ್ಗದರ್ಶಿಯ ಜೊತೆ ಬೆಳಗ್ಗೆ ಬೇಗ ಹೊರಟೆವು. ಕಾಫಾದ ಈ ಕಾಡನ್ನು 2010ರಲ್ಲಿ ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶ ಅಂತ ಗುರುತಿಸಿದೆ. ಹಿಂದಿನ ರಾತ್ರಿ ಮಳೆಯಾಗಿ ಕಾಲುದಾರಿ ಜಾರುತ್ತಿತ್ತು. ಎತ್ತರದ ಮರಗಳ ಮೇಲೆ ಪಾಚಿ, ಬಳ್ಳಿ. ಎಲ್ಲೋ ಮೇಲೆ ಕಪ್ಪು ಬಿಳುಪು ಕೊಲಬಸ್ ಕೋತಿಗಳು ಟೊಂಗೆಯಿಂದ ಟೊಂಗೆಗೆ ಹಾರಿದವು. ಮರದ ತುದಿಯಲ್ಲಿ ಉದ್ದ ಕೊಳವೆಯಂಥ ಜೇನುಗೂಡುಗಳನ್ನು ಕಟ್ಟಿದ್ದರು. ನೆಲದಲ್ಲಿ ಏಲಕ್ಕಿಯ ಬಂಧು ಕೊರೆರಿಮಾ ಗಿಡ.

ನಾನು ಕಾಫಿ ತೋಟ ಹುಡುಕುತ್ತಿದ್ದೆ. ಸಾಲು, ಕಪಾತು, ಬುಡದಲ್ಲಿ ಗೊಬ್ಬರ. ಅಕ್ಕ ತಟ್ಟನೆ ನಿಂತಳು. "ನಿನ್ನ ಭುಜಕ್ಕೆ ತಾಗ್ತಾ ಇದೆಯಲ್ಲ, ಅದೇ ಕಣೋ" ಅಂದಳು.

ಕಾಫಿ ಗಿಡ ಅಂತ ಗೊತ್ತೇ ಆಗುತ್ತಿರಲಿಲ್ಲ. ಸಣಕಲು ಕಾಂಡ, ಬೆಳಕು ಹುಡುಕಿಕೊಂಡು ಎರಡಾಳೆತ್ತರ ಎದ್ದು ಪಕ್ಕಕ್ಕೆ ವಾಲಿತ್ತು. ಹೊಳೆಯುವ ಎಲೆಗಳು ಎದುರುಬದುರು ಜೋಡಿಯಾಗಿದ್ದವು. ಇಡೀ ಗಿಡ ಹುಡುಕಿದರೆ ನಲವತ್ತು ಹಣ್ಣು ಇತ್ತೋ ಇಲ್ಲವೋ. ಒಂದು ಕಿತ್ತು ಬಾಯಿಗೆ ಹಾಕಿಕೊಂಡೆ. ಸಿಪ್ಪೆ ದಪ್ಪ. ಒಳಗೆ ತಿರುಳು ತೀರ ಕಮ್ಮಿ, ಆದರೆ ಸಿಹಿ. ಕಾಫಿಯ ರುಚಿ ಒಂದು ಚೂರೂ ಇಲ್ಲ. ಬೀಜ ನಾಲಿಗೆಯ ಮೇಲೆ ಲೋಳೆಯಾಗಿ ಜಾರಿತು. ಉಗುಳಿ ಅಂಗೈಯಲ್ಲಿ ಇಟ್ಟುಕೊಂಡೆ. ಚಪ್ಪಟೆ ಮುಖಗಳನ್ನು ಒಂದಕ್ಕೊಂದು ಅಂಟಿಸಿಕೊಂಡ ಎರಡು ಬೀಜ. ಅವುಗಳ ಸುತ್ತ, ಒಣಗಿದಾಗ ಪಾರ್ಚ್‌ಮೆಂಟ್ ಅನ್ನುವ ಗಟ್ಟಿ ಸಿಪ್ಪೆಯಾಗುವ ಹೊದಿಕೆ, ಅದರ ಒಳಗೆ ಬೆಳ್ಳಿಯಂಥ ತೆಳು ಪೊರೆ. ಹತ್ತು ಹೆಜ್ಜೆ ಆಚೆ ಇನ್ನೊಂದು ಗಿಡ. ಅದರ ಹಣ್ಣು ಉದ್ದ, ಚಿಗುರೆಲೆ ತಾಮ್ರದ ಬಣ್ಣ. ಮೊದಲ ಗಿಡದ ಚಿಗುರು ಹಸಿರಾಗಿತ್ತು. ಮೂರನೆಯದು ಮತ್ತೆ ಬೇರೆ ಥರ.

ಅಕ್ಕ ಬಿದ್ದಿದ್ದ ಒಂದು ಮರದ ಮೇಲೆ ಕೂತು ನಿಧಾನವಾಗಿ ಬಿಡಿಸಿ ಹೇಳಿದಳು. ಲಕ್ಷಾಂತರ ವರ್ಷಗಳ ಹಿಂದೆ ಎರಡು ಕಾಫಿ ಜಾತಿಗಳು ತಾವಾಗಿ ಕೂಡಿ ಅರೇಬಿಕಾ, ಅಂದರೆ ಈ ಕಾಡಿನ ಕಾಫಿಯ ಜಾತಿ, ಹುಟ್ಟಿತು. ಅದರಲ್ಲಿ ಒಂದು ಇವತ್ತಿನ ರೊಬಸ್ಟಾ, ಇನ್ನೊಂದು ಯುಜೆನಿಯಾಯ್ಡಿಸ್. ಅವೆರಡಕ್ಕೂ ತಲಾ 22 ವರ್ಣತಂತು, ಅರೇಬಿಕಾಕ್ಕೆ 44. ಅರೇಬಿಕಾ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಅದಕ್ಕೇ ಒಂದೇ ಒಂದು ಬೀಜ ಸಾಗಿಸಿದರೂ ಹೊಸ ಜಾಗದಲ್ಲಿ ತೋಟ ಎಬ್ಬಿಸಬಹುದು. ಆದರೆ ಆ ತೋಟದ ಗಿಡಗಳೆಲ್ಲ ಒಂದೇ ಅಚ್ಚಿನವು.

ಲೋಕದ ಕಾಫಿ ಬೆಳೆದದ್ದೇ ಹಾಗೆ. ಇಲ್ಲಿಂದ ಕೆಂಪು ಸಮುದ್ರ ದಾಟಿ ಯೆಮೆನ್‌ಗೆ ಹೋದದ್ದು ಈ ಕಾಡಿನ ಒಂದು ಸಣ್ಣ ಪಾಲು. ಅಲ್ಲಿನ ಮೋಖಾ ಬಂದರಿನಿಂದ ಕಾಫಿ ಹಡಗು ಹತ್ತಿತು. ಮೋಕಾ ಅನ್ನುವ ಹೆಸರು ಆ ಬಂದರಿನದೇ. ಬಾಬಾ ಬುಡನ್ ಏಳು ಬೀಜ ತಂದ ಕಥೆ ಕನ್ನಡಿಗರಿಗೆ ಹೊಸದಲ್ಲ. ಡಚ್ಚರು ಜಾವಾದಲ್ಲಿ ತೋಟ ಮಾಡಿದರು. ಅಲ್ಲಿಂದ 1706ರಲ್ಲಿ ಒಂದು ಗಿಡ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನಕ್ಕೆ ಹೋಯಿತು. ಅದರ ಸಂತಾನದ ಒಂದು ಗಿಡ 1714ರಲ್ಲಿ ಫ್ರಾನ್ಸಿನ ರಾಜ 14ನೇ ಲೂಯಿಗೆ ಉಡುಗೊರೆಯಾಯಿತು. ದಕ್ಷಿಣ ಅಮೆರಿಕದ ಡಚ್ ಮತ್ತು ಫ್ರೆಂಚ್ ವಸಾಹತುಗಳಿಗೆ ಹೋದ ಗಿಡಗಳು ಇದೇ ಕುಟುಂಬದವು. ಬ್ರೆಜಿಲ್‌ಗೆ ಕಾಫಿ ಕಾಲಿಟ್ಟದ್ದು 1727ರಲ್ಲಿ. ಎಣಿಸಿದರೆ ಬೆರಳೆಣಿಕೆಯ ಗಿಡಗಳು. ಅವುಗಳ ಮಕ್ಕಳು ಮೊಮ್ಮಕ್ಕಳೇ ಇವತ್ತು ಬಹುಪಾಲು ಅರೇಬಿಕಾ ತೋಟಗಳು.

ಹಾಗಾಗಿ ಒಂದು ಗಿಡಕ್ಕೆ ಬಂದ ರೋಗ ಎಲ್ಲದಕ್ಕೂ ಬರುತ್ತದೆ. 1869ರಲ್ಲಿ ಸಿಲೋನ್‌ನಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಇಪ್ಪತ್ತು ವರ್ಷದಲ್ಲಿ ಆ ದ್ವೀಪದ ಕಾಫಿ ನೆಲಕಚ್ಚಿ, ಆ ಜಾಗಕ್ಕೆ ಟೀ ಬಂತು.

ನಾನು ಎದುರಿಗಿದ್ದ ಸಣಕಲು ಗಿಡವನ್ನು ಮತ್ತೆ ನೋಡಿದೆ. ಫಸಲಿನ ಲೆಕ್ಕದಲ್ಲಿ ಇದು ಪ್ರಯೋಜನಕ್ಕೆ ಬಾರದ ಗಿಡ. ಆದರೆ ತೋಟದ ಗಿಡಗಳಿಗೆ ಇಲ್ಲದ ಯಾವುದೋ ಶಕ್ತಿ ಇದರಲ್ಲಿ ಇರಬಹುದು. ರೋಗ ತಡೆಯುವುದು, ಬರ ತಾಳುವುದು, ಯಾರೂ ಕಂಡಿರದ ಒಂದು ರುಚಿ. 1930ರ ದಶಕದಲ್ಲಿ ಇದೇ ನೈರುತ್ಯದ ಕಾಡಿನಿಂದ ಒಯ್ದ ಗೇಶಾ ಅನ್ನುವ ತಳಿ ಎಷ್ಟೋ ದೇಶ ಸುತ್ತಿ ಪನಾಮಾ ಸೇರಿತು. ದಶಕಗಟ್ಟಲೆ ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. 2004ರ ಸ್ಪರ್ಧೆಯಲ್ಲಿ ಅದರ ಹೂವಿನಂಥ ಪರಿಮಳ ತೀರ್ಪುಗಾರರನ್ನು ಬೆರಗುಗೊಳಿಸಿತು. ಈಗ ಅದು ಜಗತ್ತಿನ ಅತಿ ದುಬಾರಿ ಕಾಫಿಗಳಲ್ಲಿ ಒಂದು.

ಲಂಡನ್ನಿನ ಕ್ಯೂ ಉದ್ಯಾನದ ವಿಜ್ಞಾನಿಗಳು 2019ರಲ್ಲಿ 124 ಕಾಡು ಕಾಫಿ ಜಾತಿಗಳ ಲೆಕ್ಕ ಹಾಕಿದರು. ಅದರಲ್ಲಿ 60 ಶೇಕಡಾ ಅಳಿವಿನ ಅಂಚಿನಲ್ಲಿವೆ ಅಂದರು. ಕಾಡು ಅರೇಬಿಕಾ ಕೂಡ ಆ ಪಟ್ಟಿಯಲ್ಲಿದೆ. ಮರ ಕಡಿಯುವುದು, ಜಾಸ್ತಿಯಾಗುತ್ತಿರುವ ಬಿಸಿಲು, ಎರಡೂ ಕಾರಣ. ವಾಪಸ್ ಬರುವಾಗ ಕಾಡಿನ ಅಂಚಿನಲ್ಲಿ ಹೊಸದಾಗಿ ಕಡಿದ ಬೊಡ್ಡೆಗಳು ಕಂಡವು. ಅಕ್ಕ ಅಲ್ಲಿ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.

ಐದನೇ ದಿನ: ಒಂದು ಮನೆ, ಮೂರು ಸುತ್ತು

ಮಾರ್ಗದರ್ಶಿಯ ಚಿಕ್ಕಮ್ಮನ ಮನೆಗೆ ಕರೆದರು. ಕಾಡಂಚಿನ ಮಣ್ಣಿನ ಮನೆ. ಅಂಗಳದಲ್ಲಿ ಸೊಂಟದೆತ್ತರಕ್ಕೆ ಕಟ್ಟಿದ ಮರದ ಅಟ್ಟ, ಅದರ ಮೇಲೆ ಬಲೆ ಹಾಸಿ ಹಣ್ಣು ಹರಡಿದ್ದರು. ಕೆಳಗಿಂದಲೂ ಗಾಳಿ ಆಡಬೇಕಲ್ಲ, ಅದಕ್ಕೆ. ಇಲ್ಲಿ ಹಣ್ಣನ್ನು ಇಡಿಯಾಗಿಯೇ ಎರಡು ಮೂರು ವಾರ ಒಣಗಿಸುತ್ತಾರೆ. ಹಣ್ಣಿನ ಸಿಹಿ ಬೀಜಕ್ಕೆ ಇಳಿದು ಕಾಫಿಗೆ ಒಂಥರಾ ಹಣ್ಣಿನ ಗಮಲು ಬರುತ್ತದೆ. ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ಒಂದೆರಡು ದಿನ ಹುದುಗಿಸಿ, ಲೋಳೆ ತೊಳೆದು ಒಣಗಿಸುವುದು ಇನ್ನೊಂದು ದಾರಿ. ಅದರ ರುಚಿ ತಿಳಿ, ಹುಳಿ ಚುರುಕು. ಐದಾರು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜ. ನಾನೂ ಅರ್ಧ ಗಂಟೆ ಅಟ್ಟದ ಮೇಲಿನ ಹಸಿರು ಕಾಯಿ ಆರಿಸಿದೆ. ಬೆನ್ನು ಹಿಡಿದುಕೊಂಡಿತು. ಆ ಅಮ್ಮ ದಿನಪೂರ್ತಿ ಅದನ್ನೇ ಮಾಡುತ್ತಾರೆ.

ಆಮೇಲೆ ಒಳಗೆ ಕರೆದು ಕೂರಿಸಿದರು. ನೆಲದ ಮೇಲೆ ಆಗಷ್ಟೇ ಕೊಯ್ದ ಹುಲ್ಲು ಹಾಸಿತ್ತು. ಕೆಂಡದ ಮೇಲೆ ಧೂಪ. ಅಮ್ಮ ಹಸಿ ಬೀಜವನ್ನು ನೀರಿನಲ್ಲಿ ಉಜ್ಜಿ ತೊಳೆದು ಕಬ್ಬಿಣದ ಹೆಂಚಿಗೆ ಹಾಕಿದರು. ಕೈ ಒಂದು ಕ್ಷಣ ನಿಲ್ಲಲಿಲ್ಲ. ಹಸಿರು ಬೀಜ ಮೊದಲು ಹಳದಿಯಾಯಿತು, ಹಸಿ ಹುಲ್ಲಿನ ವಾಸನೆ. ಆಮೇಲೆ ಸುಟ್ಟ ರೊಟ್ಟಿಯ ವಾಸನೆ. ಚಟಪಟ ಸಿಡಿಯಲು ಶುರುವಾದ ಮೇಲೆ ನನಗೆ ಗೊತ್ತಿದ್ದ ಪರಿಮಳ ಬಂತು. ಬೀಜ ಎಣ್ಣೆಬಿಟ್ಟು ಮಿನುಗಿದಾಗ ಹೆಂಚನ್ನು ಎತ್ತಿಕೊಂಡು ಒಬ್ಬೊಬ್ಬರ ಮುಂದೆ ತಂದರು. ಕೈಯಿಂದ ಹೊಗೆಯನ್ನು ಮುಖಕ್ಕೆ ಎಳೆದುಕೊಳ್ಳಬೇಕು. ಎಲ್ಲರೂ ಎಳೆದುಕೊಂಡೆವು.

ಮರದ ಒರಳಿನಲ್ಲಿ ಕುಟ್ಟಿದ ಪುಡಿಯನ್ನು ಜೆಬೆನಾಗೆ ಹಾಕಿದರು. ಜೆಬೆನಾ ಅಂದರೆ ದುಂಡು ಹೊಟ್ಟೆ, ಉದ್ದ ಕತ್ತಿನ ಕಪ್ಪು ಮಣ್ಣಿನ ಹೂಜಿ. ಕಾಫಿ ಕತ್ತಿನವರೆಗೆ ಉಕ್ಕಿ ಬಂದಾಗ ಕೆಳಗಿಳಿಸಿ ಓರೆಯಾಗಿ ಇಟ್ಟರು. ಚರಟ ತಳಕ್ಕೆ ಕೂರಲಿ ಅಂತ. ನಾವೆಲ್ಲ ಸುಮ್ನೆ ಕಾದೆವು. ಆಮೇಲೆ ಒಂದು ಗೇಣಿನ ಮೇಲಿಂದ ಸಣ್ಣ ಧಾರೆಯಾಗಿ ಹಿಡಿಯಿಲ್ಲದ ಪುಟ್ಟ ಕಪ್ಪುಗಳಿಗೆ ಸುರಿದರು. ಧಾರೆ ಎಲ್ಲೂ ತುಂಡಾಗಲಿಲ್ಲ. ಮೊದಲ ಕಪ್ಪನ್ನು ಮನೆಯ ಚಿಕ್ಕ ಹುಡುಗಿ ಎರಡು ಕೈಯಲ್ಲಿ ಹಿಡಿದು ತಂದು ಅಕ್ಕನಿಗೆ ಕೊಟ್ಟಳು. ಅಲ್ಲಿದ್ದವರಲ್ಲಿ ಅವಳೇ ಹಿರಿಯಳು.

ಅದು ಅಬೋಲ್, ಮೊದಲ ಸುತ್ತು. ಗಟ್ಟಿ, ಸಕ್ಕರೆ ಜಾಸ್ತಿ, ಕಪ್ಪಿನಲ್ಲಿ ಟೆನಾ ಆದಾಮ್ ಅನ್ನುವ ಕಡುವಾಸನೆಯ ಸೊಪ್ಪಿನ ಒಂದು ಎಸಳು. ಜೊತೆಗೆ ಪಾಪ್‌ಕಾರ್ನ್. ಅದೇ ಚರಟಕ್ಕೆ ಮತ್ತೆ ನೀರು ಹಾಕಿ ಕುದಿಸಿದ್ದು ಎರಡನೇ ಸುತ್ತು, ಟೋನಾ. ಮೂರನೆಯದು ಬೆರೆಕಾ, ಅಂದರೆ ಆಶೀರ್ವಾದ. ಅಷ್ಟು ಹೊತ್ತಿಗೆ ಕಾಫಿ ತೆಳ್ಳಗಾಗಿರುತ್ತದೆ, ಮಾತು ಗಟ್ಟಿಯಾಗಿರುತ್ತದೆ. ಅಕ್ಕಪಕ್ಕದ ಮನೆಯವರು ಪರಿಮಳ ಹಿಡಿದುಕೊಂಡು ಬಂದು ಸೇರಿದ್ದರು. ಮಳೆ, ಬೆಳೆ, ಯಾರದೋ ಮಗಳ ಮದುವೆ. ಡ್ರೈವರ್ ಅನುವಾದ ಮಾಡುವುದನ್ನು ಮರೆತು ತಾವೇ ಮಾತಿಗೆ ಇಳಿದಿದ್ದರು. ಈ ದೇಶ ಬೆಳೆಯುವ ಕಾಫಿಯಲ್ಲಿ ಹೆಚ್ಚುಕಡಿಮೆ ಅರ್ಧ ಇಲ್ಲಿಯವರೇ ಕುಡಿಯುತ್ತಾರೆ. ಎರಡು ಗಂಟೆ ಆ ಹುಲ್ಲಿನ ಮೇಲೆ ಕೂತ ಮೇಲೆ ಅದು ಯಾಕೆ ಅಂತ ಕೇಳಬೇಕು ಅನ್ನಿಸಲಿಲ್ಲ.

ಹೊರಡುವಾಗ ಅಕ್ಕ ಆ ಅಮ್ಮನ ಕೈ ಹಿಡಿದುಕೊಂಡು, ಕಾಡಿನ ಗಿಡ ಯಾವುದು, ಅಂಗಳದ ಗಿಡ ಯಾವುದು ಅಂತ ಕೇಳಿದಳು. ಅಂಗಳದ್ದನ್ನೂ ಕಾಡಿನಿಂದಲೇ ಕಿತ್ತು ತಂದು ನೆಟ್ಟದ್ದಂತೆ. ಒಂದು ತಮ್ಮ ಅತ್ತೆ ನೆಟ್ಟದ್ದು, ಒಂದು ತಾವು ನೆಟ್ಟದ್ದು. ಎರಡರ ಹಣ್ಣನ್ನೂ ಬೇರೆ ಬೇರೆ ಒಣಗಿಸುತ್ತಾರೆ. ರುಚಿ ಬೇರೆ, ಬೆರೆಸಬಾರದು ಅಂದರು.

ಆರನೇ ದಿನ: ವಾಪಸ್

ಜಿಮ್ಮಾ ದಾಟಿ ಸ್ವಲ್ಪ ದೂರ ಬಂದಾಗ ರಸ್ತೆ ಪಕ್ಕ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಒಬ್ಬ ಹೆಂಗಸು ಜೆಬೆನಾ ಇಟ್ಟುಕೊಂಡು ಕೂತಿದ್ದರು. ಮುಂದೆ ನಾಲ್ಕು ಸಣ್ಣ ಮಣೆ. ಅಕ್ಕ ಗಾಡಿ ನಿಲ್ಲಿಸಲು ಹೇಳಿದಳು. ಕಪ್ಪು ಕೈಗೆ ಬಂತು. ನಾನು ಮೊದಲು ಮೂಸಿದೆ, ಆಮೇಲೆ ಒಂದು ಗುಟುಕು. ಬೊಂಗಾದ ಮನೆಯದಕ್ಕಿಂತ ಹುಳಿ ಕಮ್ಮಿ, ಕೊನೆಯಲ್ಲಿ ಏನೋ ಮಸಾಲೆಯ ಖಾರ.

"ಇದು ಬೇರೆ ಗಿಡ, ಅಲ್ವಾ ಅಕ್ಕ?" ಅಂದೆ.

ಅವಳು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದಳು. ಡ್ರೈವರ್ ಗಡಿಯಾರ ನೋಡಿಕೊಂಡರು. ಕತ್ತಲಾಗುವ ಮೊದಲು ಗಿಬೆ ಕಣಿವೆ ದಾಟಬೇಕಿತ್ತು. ಆ ಹೆಂಗಸು ಜೆಬೆನಾಗೆ ಮತ್ತೆ ನೀರು ಸುರಿದು ಕೆಂಡದ ಮೇಲೆ ಇಟ್ಟರು. ಡ್ರೈವರ್ ತಮ್ಮ ಮಣೆಯನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡರು. ಟೋನಾ ಇನ್ನೂ ಬರಬೇಕಿತ್ತು.